ಸೊಣ್ಣಪ್ಪ ಕದ್ದ ಉಸಿರು

ಕುರುಡುಮಲೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಒಂದು ಸಣ್ಣ ಊರು. ಅಲ್ಲಿ ಸೊಣ್ಣಪ್ಪನ ಮನೆ ಯಾವುದು ಎಂದು ಕೇಳಿದರೆ, "ಯಾವ ಸೊಣ್ಣಪ್ಪ? ಚಡುಗುಡು ಸೊಣ್ಣಪ್ಪನಾ?" ಎಂದು ತಿರುಗಿ ಕೇಳುವರು. ಎರಡು ಎಕರೆ ರಾಗಿ ಹೊಲ, ಬಾವಿ ಮಗ್ಗುಲಲ್ಲಿ ಒಂದಿಷ್ಟು ಹಿಪ್ಪುನೇರಳೆ, ಎರಡು ಹಸು, ಇಷ್ಟೇ ಅವನ ಬಾಳು. ಚಡುಗುಡು ಅಂದರೆ ಆ ಕಡೆಯ ಕಬಡ್ಡಿ. ಅವನು ಆ ಆಟ ಬಿಟ್ಟು ಇಪ್ಪತ್ತು ವರ್ಷ ದಾಟಿತ್ತು. ಆದರೂ ಆಟದ ಹೆಸರು ಅವನನ್ನು ಬಿಟ್ಟಿರಲಿಲ್ಲ.

ಮನೆಯಲ್ಲಿ ಒಂದು ಹಿತ್ತಾಳೆ ಬಿಂದಿಗೆ ಇತ್ತು. ಆಟದಲ್ಲಿ ಗೆದ್ದದ್ದು. ಕುತ್ತಿಗೆಯ ಸುತ್ತ ಚುಕ್ಕಿ ಚುಕ್ಕಿಯಾಗಿ 'ಸೊಣ್ಣಪ್ಪ, ಚಡುಗುಡು, ೧೯೫೬' ಎಂದು ಹೊಡೆಸಿದ್ದರು. ಹೆಂಡತಿ ರಾಮಲಕ್ಷ್ಮಮ್ಮ ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಅದನ್ನು ಬೆಳಗಿ, ಅಕ್ಷರ ಇರುವ ಕಡೆಯನ್ನು ಬಾಗಿಲಿಗೆ ಕಾಣುವಂತೆ ಇಡುತ್ತಿದ್ದಳು. ಅವಳು ಉಜ್ಜುವಾಗ ಸೊಣ್ಣಪ್ಪ ಹಿತ್ತಲಿಗೆ ಎದ್ದು ಹೋಗುತ್ತಿದ್ದ. ಯಾಕೆಂದು ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿ, ರಾಗಿ ಕಣ ಮುಗಿದಿತ್ತು. ಒಂದು ದಿನ ಮಧ್ಯಾಹ್ನ ಕೋಲಾರದ ಕಾಲೇಜಿನಿಂದ ಇಬ್ಬರು ಬಂದರು. ಒಬ್ಬರು ಆಟದ ಮೇಷ್ಟ್ರು ಕೋದಂಡರಾಮಪ್ಪ. ಇನ್ನೊಬ್ಬ ಕಬಡ್ಡಿ ತಂಡದ ನಾಯಕ ನಾಗರಾಜ, ಮಾಸ್ತಿ ಕಡೆಯ ಹುಡುಗ, ಬಾಯಿ ಒಂದು ಗಳಿಗೆ ಸುಮ್ಮನಿರದು.

"ನೋಡಿ ಸೊಣ್ಣಪ್ಪನೋರೇ," ಎಂದರು ಮೇಷ್ಟ್ರು, "ಎದುರಾಳಿ ಬಂದ್ರೆ ಹಿಡಿಯೋದನ್ನ ನಾನು ಕಲಿಸ್ತೀನಿ. ನಮ್ಮ ಹುಡುಗರ ಹಿಡಿತ ಉಡದ ಹಿಡಿತ. ಆದ್ರೆ ನುಗ್ಗೋದು ಕಲಿಸೋಕೆ ಒಬ್ಬ ಪೊಲೀಸಿನೋರಿದ್ರು, ಅವರಿಗೆ ವರ್ಗ ಆಗೋಯ್ತು. ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಲ್ಲಿ ಪಂದ್ಯ. ನುಗ್ಗೋನಿಲ್ಲದೆ ಹಿಡಿಯೋರು ಎಷ್ಟಿದ್ರೇನು?"

"ಮೂರು ತಾಲೂಕು ಸುತ್ತಿದ್ವಿ ಅಣ್ಣ," ಎಂದ ನಾಗರಾಜ. "ಮಾಲೂರಲ್ಲೊಬ್ರು ಸಿಕ್ಕಿದ್ರು, ಮೊಣಕಾಲು ಮಡಚಿದ್ರೆ ಬಿಚ್ಚಲ್ಲ. ಶ್ರೀನಿವಾಸಪುರದಲ್ಲಿ ಇನ್ನೊಬ್ರು, ಮಂಚದ ಮೇಲೆ ಕೂತ್ಕೊಂಡೇ ಎರಡು ಗಂಟೆ ನುಗ್ಗಿದ್ರು. ಬಾಯಲ್ಲಿ! ಕೊನೆಗೆ ಅವರೇ ಹೇಳಿದ್ರು, ಒಂದೇ ಉಸಿರಲ್ಲಿ ನಾಲ್ಕು ಜನರನ್ನ ಮುಟ್ಟಿ ಬಂದ ಗಂಡಸು ಮುಳಬಾಗಿಲ ಕಡೆ ಇದಾನೆ, ಹೋಗ್ರೋ ಅಂತ."

ಸೊಣ್ಣಪ್ಪನ ಕೈಯಲ್ಲಿದ್ದ ಮಜ್ಜಿಗೆ ಲೋಟ ಕೈಯಲ್ಲೇ ಉಳಿಯಿತು.

"ಈಗ ಅದೆಲ್ಲಾ ಆಗಲ್ಲ ಬಿಡಿ ಸಾಮಿ," ಎಂದ.

"ಯಾಕಾಗಲ್ಲ?" ಎಂದಳು ಒಳಗಿನಿಂದ ರಾಮಲಕ್ಷ್ಮಮ್ಮ. ಬಿಂದಿಗೆಯನ್ನೇ ಎತ್ತಿಕೊಂಡು ಬಂದು ಅವರ ಮುಂದೆ ಇಟ್ಟಳು. "ಓದಿ ಸಾಮಿ. ಆ ಆಟ ನೋಡಿದ್ದಕ್ಕೇ ನಮ್ಮಪ್ಪ ಇವರಿಗೆ ಹೆಣ್ಣು ಕೊಟ್ಟಿದ್ದು. ಹೋಗ್ತಾರೆ ಬಿಡಿ, ಹಸು ನಾನು ನೋಡ್ಕೊಳ್ತೀನಿ."

ನಾಗರಾಜ ಅಕ್ಷರಗಳ ಮೇಲೆ ಬೆರಳಾಡಿಸಿ ಜೋರಾಗಿ ಓದಿದ. ಸೊಣ್ಣಪ್ಪನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಯಾಕೆ ಎಂದು ತಿಳಿದವರು ಭೂಮಿಯ ಮೇಲೆ ಇಬ್ಬರೇ. ಒಬ್ಬ ಸೊಣ್ಣಪ್ಪ. ಇನ್ನೊಬ್ಬ ಚನ್ನರಾಯಪ್ಪ, ಪಕ್ಕದೂರಿನವನು, ಅವತ್ತು ಎದುರು ಪಕ್ಷದಲ್ಲಿ ಆಡಿದವನು.

ಐವತ್ತಾರರ ಸಂಕ್ರಾಂತಿಯ ಮಾರನೆಯ ದಿನ, ಕೆರೆ ಬಯಲಿನಲ್ಲಿ ಆಟ. ಸೊಣ್ಣಪ್ಪನ ಕಡೆ ಉಳಿದವನು ಅವನೊಬ್ಬನೇ, ಆ ಕಡೆ ನಾಲ್ಕು ಜನ. ಚಡುಗುಡು ಚಡುಗುಡು ಎನ್ನುತ್ತ ನುಗ್ಗಿದ. ಮೂವರನ್ನು ಮುಟ್ಟುವ ಹೊತ್ತಿಗೆ ಎದೆ ಬರಿದಾಯಿತು. ಆಗ ಮುಖವನ್ನು ಹೆಗಲಿಗೆ ಒರೆಸಿಕೊಳ್ಳುವವನಂತೆ ತಿರುಗಿಸಿ, 'ಗುಡು' ಎನ್ನುವ ಮಾತನ್ನು ಹೊರಗೆ ಬಿಡದೆ ಒಳಗೆ ಎಳೆದ. ಮಾತು ಮಾತಿನ ಹಾಗೆಯೇ ಕೇಳಿಸಿತು, ಎದೆಗೆ ಒಂದು ಗುಟುಕು ಗಾಳಿ ಬಂತು. ನಾಲ್ಕನೆಯವನನ್ನೂ ಮುಟ್ಟಿ ಗೆರೆ ದಾಟಿದ.

ಆ ನಾಲ್ಕನೆಯವನೇ ಚನ್ನರಾಯಪ್ಪ. "ಉಸಿರು ಎಳೆದ! ನನ್ನ ಕಿವಿಗೆ ಕೇಳಿಸ್ತು!" ಎಂದು ಕೂಗಿದ. ತಮಟೆಯ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸಿರಲಿಲ್ಲ. "ಗಣೇಶನ ಗುಡೀಲಿ ದೀಪ ಆರಿಸಿ ಪ್ರಮಾಣ ಮಾಡ್ತೀನಿ, ಅವನೂ ಬಂದು ಆರಿಸಲಿ" ಎಂದ. ಆಟಕ್ಕೆಲ್ಲ ದೀಪ ಆರಿಸಬಾರದೆಂದು ಹಿರಿಯರು ಗದರಿದರು. ಸೊಣ್ಣಪ್ಪ ತಲೆ ತಗ್ಗಿಸಿ ನಿಂತ. ಗೆದ್ದರೂ ಎಷ್ಟು ವಿನಯ ನೋಡಿ ಎಂದರು ಜನ. ಚನ್ನರಾಯಪ್ಪನಿಂದ ಎಲ್ಲರ ಮುಂದೆ ತಪ್ಪಾಯಿತು ಎನ್ನಿಸಿದರು. ಅಂದಿನಿಂದ ಅವನಿಗೆ 'ಉಸಿರೆಣಿಕೆ ಚನ್ನ' ಎಂದೇ ಹೆಸರು. ಸಂತೆಯಲ್ಲಿ ಕಂಡರೆ ಜನ ಮೂಗು ಹಿಡಿದುಕೊಂಡು, "ಎಣಿಸಪ್ಪಾ, ಎಷ್ಟಾಯ್ತು?" ಎನ್ನುವರು. ಒಂದು ವರ್ಷ ಸಹಿಸಿ ನೋಡಿ, ಅವನು ಹೆಂಡತಿಯ ಊರು ಶಿವಾರಪಟ್ಟಣಕ್ಕೆ ಹೊರಟುಹೋದ.

ಕಾಲೇಜಿನ ಬಯಲಿನಲ್ಲಿ ಮೊದಲ ದಿನ ಹುಡುಗರು ಸುತ್ತ ನಿಂತರು. ಸೊಣ್ಣಪ್ಪ ಪಂಚೆ ಎತ್ತಿ ಕಟ್ಟಿ ಗೆರೆಯ ಬಳಿ ಬಂದ. ಕಾಲು ಹೇಗಿಡಬೇಕು, ಕಣ್ಣು ಎತ್ತ ನೋಡಿ ಕೈ ಎತ್ತ ಹೋಗಬೇಕು, ಅದೆಲ್ಲ ಅವನ ಸ್ವಂತದ್ದೇ, ಅದರಲ್ಲಿ ಮೋಸವಿರಲಿಲ್ಲ. ಹೇಳುತ್ತ ಹೋದಂತೆ ಮೈಗೆ ಹುರುಪು ಬಂತು. ಚಡುಗುಡು ಎಂದು ನುಗ್ಗಿದ.

"ಅಣ್ಣಾ, ಈಗ ಹಂಗನ್ನಂಗಿಲ್ಲ," ಎಂದ ನಾಗರಾಜ. "ಕಬಡ್ಡಿ ಅನ್ನಬೇಕು. ಬೇರೆ ಏನಂದ್ರೂ ಔಟು."

ಸೊಣ್ಣಪ್ಪ ಕಬಡ್ಡಿ ಕಬಡ್ಡಿ ಎನ್ನುತ್ತ ಹೋದ. ಇಬ್ಬರನ್ನು ಮುಟ್ಟುವಷ್ಟರಲ್ಲಿ ಉಸಿರು ಮುಗಿಯಿತು. ತನಗರಿವಿಲ್ಲದೆ ಮುಖ ಹೆಗಲಿಗೆ ಹೋಯಿತು. ಆದರೆ ಆ 'ಡ್ಡಿ'ಯಲ್ಲಿ ನಾಲಿಗೆ ಮೇಲಕ್ಕೆ ಒತ್ತಿಕೊಂಡು ದಾರಿಯನ್ನೇ ಮುಚ್ಚಿತು. ಗಾಳಿ ಬರಲಿಲ್ಲ, ಕೆಮ್ಮು ಬಂತು. ಹುಡುಗರು ನೀರು ಕೊಟ್ಟರು.

"ಪರವಾಗಿಲ್ಲ ಅಣ್ಣ, ವಯಸ್ಸಾಯ್ತಲ್ಲ. ನಿಮ್ಮ ಹಳೇ ಮಾತಲ್ಲೇ ಒಂದ್ಸಲ ತೋರಿಸಿ, ಕಣ್ತುಂಬ ನೋಡ್ತೀವಿ" ಎಂದ ನಾಗರಾಜ.

ಬೇಡ ಎಂದು ಮನಸ್ಸು ಹೇಳಿತು, ಕಾಲು ಕೇಳಲಿಲ್ಲ. ಚಡುಗುಡು ಎಂದು ನುಗ್ಗಿದ, ಹೆಗಲಿಗೆ ಮುಖ ಒರೆಸಿದ, ನಾಲ್ವರನ್ನು ಮುಟ್ಟಿ ಬಂದ. ಚಪ್ಪಾಳೆಯೋ ಚಪ್ಪಾಳೆ. ಆದರೆ ನಾಗರಾಜ ಚಪ್ಪಾಳೆ ಹೊಡೆಯಲಿಲ್ಲ. ಹತ್ತಿರ ಬಂದು, ಗುಟ್ಟು ಕಂಡುಕೊಂಡವನ ಸಂತೋಷದಲ್ಲಿ ಸಣ್ಣ ದನಿಯಲ್ಲಿ ಕೇಳಿದ:

"ಅಣ್ಣ, ಆ ಹೆಗಲಿಗೆ ಒರೆಸ್ಕೊಂಡ್ರಲ್ಲ, ಅಲ್ಲಿ ಉಸಿರು ಎಳ್ಕೊಂಡ್ರಿ ಅಲ್ವಾ? ಅಬ್ಬಬ್ಬಾ, ಎಂಥ ಐಡಿಯಾ ಅಣ್ಣ! ಕಬಡ್ಡೀಲಿ ಅದನ್ನ ಎಲ್ಲಿ ಎಳೀಬೇಕು, ಅದೊಂದು ಹೇಳಿಕೊಟ್ಬಿಡಿ ಸಾಕು."

ಕಳ್ಳ ಎಂದು ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಹುಡುಗ ಮೆಚ್ಚಿ ಕೇಳಿದ್ದ. ಸೊಣ್ಣಪ್ಪ ಪಂಚೆ ಇಳಿಬಿಟ್ಟು, "ನಾಳಿದ್ದು ಬರ್ತೀನಿ ಕಣಪ್ಪ" ಎಂದಷ್ಟೇ ಹೇಳಿ ಹೊರಟ.

ಮಾರನೆಯ ದಿನ ಬೆಳಿಗ್ಗೆಯೇ ಬಸ್ಸು ಹತ್ತಿದ. ಕೋಲಾರದಲ್ಲಿ ಇಳಿದು ಇನ್ನೊಂದು, ಮಾಲೂರಿನಲ್ಲಿ ಇಳಿದು ಮತ್ತೊಂದು. ಶಿವಾರಪಟ್ಟಣದ ಬೀದಿಯಲ್ಲಿ ಉಳಿಯ ಸದ್ದು. ಒಂದು ಚಪ್ಪರದ ಕೆಳಗೆ ಚನ್ನರಾಯಪ್ಪ ಕೂತು ಕಲ್ಲು ನಂದಿಯ ಬೆನ್ನನ್ನು ನೀರು ಹಾಕಿ ಉಜ್ಜುತ್ತಿದ್ದ. ಶಿಲ್ಪಿಗಳು ಕೆತ್ತಿಕೊಟ್ಟದ್ದನ್ನು ನುಣುಪು ಮಾಡುವುದು ಅವನ ಕೆಲಸ. ರೆಪ್ಪೆಯ ಮೇಲೂ ಕಲ್ಲಿನ ಹುಡಿ.

"ಏಮಿರಾ ಸೊಣ್ಣ," ಎಂದ ತಲೆಯೆತ್ತಿ, ನಿನ್ನೆ ನೋಡಿದವನ ಹಾಗೆ. "ದಾರಿ ತಪ್ಪಿದ್ಯೋ, ದೇವರು ಮಾಡಿಸೋಕೆ ಬಂದ್ಯೋ?"

ಅವನ ಹೆಂಡತಿ ಅಕ್ಕಯಮ್ಮ ಚಾಪೆ ಹಾಕಿ, "ಬನ್ನಿ ಅಣ್ಣ" ಎಂದಳು. ಯಾರು ಎಂದು ಗೊತ್ತಾದ ಮೇಲೆ ಒಳಗೆ ಹೋದವಳು ಮತ್ತೆ ಬರಲಿಲ್ಲ.

ಸೊಣ್ಣಪ್ಪ ಕಾಲೇಜಿನ ಮಾತು ತೆಗೆದ. ಹುಡುಗರು ಒಳ್ಳೆಯವರು, ಕಲಿಸುವವರು ಬೇಕು, ನೀನು ಬಾ ಎಂದ. ಚನ್ನರಾಯಪ್ಪ ನಗಲು ಹೋಗಿ ಕೆಮ್ಮಿದ. ಕೆಮ್ಮು ಬೇಗ ನಿಲ್ಲಲಿಲ್ಲ.

"ಕೇಳಿಸ್ಕೊಂಡ್ಯಾ? ಎದೆ ತುಂಬ ಕಲ್ಲು. ಹತ್ತು ಸಲ ಕಬಡ್ಡಿ ಅನ್ನೋಕೆ ನನ್ನ ಕೈಲಿ ಆಗಲ್ಲ. ನಾನೇನು ಕಲಿಸ್ಲಿ?"

"ನಿನ್ನ ಕಿವಿ ಐತಲ್ಲೋ ಚನ್ನ," ಎಂದ ಸೊಣ್ಣಪ್ಪ. ನಂದಿಯ ಕೊಂಬನ್ನು ನೋಡುತ್ತ ಹೇಳಿದ: "ನೀನು ಅವತ್ತು ಕೂಗಿದ್ದು ನಿಜ. ನಾನು ಎಳೆದಿದ್ದೆ."

ಚನ್ನರಾಯಪ್ಪ ಉಜ್ಜುವ ಕೈ ನಿಲ್ಲಿಸಲಿಲ್ಲ.

"ಅದು ನಂಗೆ ಗೊತ್ತಿರೋದೇ ಅಲ್ವೇನ್ಲಾ? ಅದನ್ನ ನಂಗೆ ಹೇಳೋಕೆ ಮೂರು ಬಸ್ಸು ಹತ್ತಿ ಬಂದ್ಯಾ? ಗೊತ್ತಿಲ್ದೋರಿಗೆ ಹೇಳು ಹೋಗು. ನಮ್ಮಪ್ಪಂಗೆ ಹೇಳಬೇಕಿತ್ತು, ಅವನು ಹೋಗ್ಬಿಟ್ಟ. ಆಟದಲ್ಲಿ ಸೋತದ್ದಕ್ಕಲ್ಲ, ಮಗ ಸುಳ್ಳು ಹೇಳ್ದ ಅಂತ ಸಾಯೋ ತನಕ ಕೊರಗಿದ."

ನಂದಿಯ ಬೆನ್ನಿಗೆ ಮತ್ತೆ ನೀರು ಹಾಕಿ ತಾನೇ ಕೇಳಿದ: "ಹುಡುಗರ ಮುಂದೆ ಹೇಳ್ತೀಯಾ?"

"ಹೇಳ್ತೀನಿ."

"ಹಂಗಾದ್ರೆ ಬರ್ತೀನಿ. ನಿನಗೋಸ್ಕರ ಅಲ್ಲ, ತಿಳ್ಕೋ."

ಸಂಜೆ ಊರಿಗೆ ಬಂದ ಸೊಣ್ಣಪ್ಪ, ಹೆಂಡತಿ ಹಾಲು ಕರೆಯುತ್ತಿದ್ದಲ್ಲಿಗೇ ಹೋಗಿ ನಿಂತ. ಅವಳು ಬೆನ್ನು ಮಾಡಿ ಕೂತಿದ್ದರಿಂದಲೇ ಅವನಿಗೆ ಹೇಳಲು ಆಯಿತು. ರಾಮಲಕ್ಷ್ಮಮ್ಮ ಎಲ್ಲ ಕೇಳಿದಳು. ಕೆಚ್ಚಲಿನಲ್ಲಿ ಹಾಲು ಇನ್ನೂ ಇತ್ತು, ಕೈ ಮಾತ್ರ ನಿಂತಿತ್ತು.

"ಇಪ್ಪತ್ಮೂರು ವರ್ಷ ಬೆಳಗಿದೀನಲ್ರೀ," ಎಂದಳು ಕೊನೆಗೆ. ಬೈಗುಳವೂ ಅಲ್ಲ, ಅಳುವೂ ಅಲ್ಲ. ಸೊಣ್ಣಪ್ಪ ಹಸುವಿನ ಗೂಟ ಹಿಡಿದು ಕೂತುಬಿಟ್ಟ. ಬೆಳಿಗ್ಗೆ ನೋಡಿದರೆ ಬಿಂದಿಗೆ ಅದೇ ಜಾಗದಲ್ಲಿತ್ತು, ಅಕ್ಷರ ಮಾತ್ರ ಗೋಡೆಯ ಕಡೆಗೆ ತಿರುಗಿತ್ತು.

ಕಾಲೇಜಿನ ಬಯಲಿನಲ್ಲಿ ಚನ್ನರಾಯಪ್ಪನನ್ನು ಬೇವಿನ ಮರದಡಿ ಕಲ್ಲಿನ ಮೇಲೆ ಕೂರಿಸಿದರು. ಸೊಣ್ಣಪ್ಪ ಹುಡುಗರ ಮುಂದೆ ನಿಂತು, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ಅರ್ಧಂಬರ್ಧವಾಗಿ ಹೇಳಿದ. ಕೋದಂಡರಾಮಪ್ಪ ಮೇಷ್ಟ್ರು ನೆಲ ನೋಡಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಯ್ಯೋ ಬಿಡಿ ಅಣ್ಣ, ಯಾವ ಕಾಲದ್ದೋ," ಎಂದ ನಾಗರಾಜ, ಸಮಾಧಾನ ಮಾಡುವವನಂತೆ. "ಆಟ ಅಂದ್ಮೇಲೆ ಇದ್ದಿದ್ದೇ."

"ಇದ್ದಿದ್ದೇನಾ?" ಎಂದ ಚನ್ನರಾಯಪ್ಪ ಕೂತಲ್ಲಿಂದಲೇ. "ಸೊಣ್ಣ, ನುಗ್ಗು. ನಿನ್ನ ಹಳೇ ಮಾತಲ್ಲೇ ನುಗ್ಗು."

ಎಲ್ಲರ ಮುಂದೆ ಮತ್ತೆ ಕದಿಯಬೇಕಿತ್ತು. ಸೊಣ್ಣಪ್ಪ ಚಡುಗುಡು ಎನ್ನುತ್ತ ಗೆರೆ ದಾಟಿದ. ಚನ್ನರಾಯಪ್ಪ ಕಣ್ಣು ಮುಚ್ಚಿಕೊಂಡ. ಒಬ್ಬ, ಇಬ್ಬರು, ಮೂವರು. ಮುಖ ಹೆಗಲಿಗೆ ತಾಗಿದ್ದೇ ತಡ, ಮರದಡಿಯಿಂದ ಕೈ ಮೇಲೆದ್ದಿತು.

"ಅಲ್ಲಿ."

ಸೊಣ್ಣಪ್ಪ ನಾಲ್ಕನೆಯವನನ್ನು ಮುಟ್ಟಲಿಲ್ಲ. ನಡೆದುಕೊಂಡು ಹೊರಗೆ ಬಂದು, ಔಟಾದವರು ಕೂರುವ ಗೆರೆಯ ಬಳಿ ನೆಲದ ಮೇಲೆ ಕೂತ.

"ಈಗ ನೀನು ಬಾರಪ್ಪ," ಎಂದು ಚನ್ನರಾಯಪ್ಪ ನಾಗರಾಜನನ್ನು ಕರೆದ. "ಕಬಡ್ಡಿ ಅನ್ನು. ಎಲ್ಲಿ ಮುಗೀತೋ ಅಲ್ಲಿ ಮುಗೀಲಿ. ನಾಳೆ ಒಂದು ಹೆಜ್ಜೆ ಮುಂದೆ ಮುಗಿಯುತ್ತೆ."

ಆಟ ಸಾಗಿತು. ನಾಗರಾಜ ಒಬ್ಬನನ್ನೇ ಮುಟ್ಟಿ, ಉಸಿರು ಕಟ್ಟುವ ಮೊದಲು ಓಡಿ ಬಂದ. ಚನ್ನರಾಯಪ್ಪನ ಕೈ ಮೇಲೇಳಲಿಲ್ಲ. ತಮ್ಮ ಪಕ್ಷ ಒಬ್ಬನನ್ನು ಔಟ್ ಮಾಡಿದರೆ ಕೂತವನೊಬ್ಬ ಎದ್ದು ಬರಬಹುದು, ಅದು ಆಟದ ಕಟ್ಟಳೆ. ನಾಗರಾಜ ಬೆವರು ಒರೆಸುತ್ತ ಕೂಗಿದ:

"ಏಳಿ ಅಣ್ಣ, ಜೀವ ಬಂತು ನಿಮಗೆ! ಬನ್ನಿ ಒಳಗೆ!"

ಸೊಣ್ಣಪ್ಪ ಬೇವಿನ ಮರದ ಕಡೆ ನೋಡಿದ. ಚನ್ನರಾಯಪ್ಪ ಇತ್ತ ನೋಡಲಿಲ್ಲ, ಮುಂದಿನ ಹುಡುಗನ ಉಸಿರಿಗೆ ಕಿವಿ ಕೊಟ್ಟಿದ್ದ.

"ನೀವು ಆಡ್ರಪ್ಪ," ಎಂದ ಸೊಣ್ಣಪ್ಪ. "ನಾನು ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀನಿ."