ಅಳಿಯನ ಮುಂದೆ ಬಾಯಿ ಬಿಟ್ಟ ದಿನ

ಮಗಳ ಬಾಣಂತನಕ್ಕೆಂದು ಸಿಂಗಾಪುರಕ್ಕೆ ಹೋದವಳು, ಕೂಸು ನಡೆಯಲು ಕಲಿತು, ಮಾತು ಕಲಿತು, ನನಗೇ ಎದುರು ಮಾತಾಡುವ ಹೊತ್ತಿಗೂ ಅಲ್ಲೇ ಇದ್ದೆ. ಮೂರು ತಿಂಗಳು ಸಾಕು ಎಂದು ಹೇಳಿ ಹೋದದ್ದು. ಅಲ್ಲಿ ಇರಲಿಕ್ಕೆ ಕೊಡುವ ಪಾಸನ್ನು ಮಗಳು ಅಳಿಯ ಮತ್ತೆ ಮತ್ತೆ ಮುಂದೆ ಹಾಕಿಸಿದರು. ನಾನು ಮತ್ತೆ ಮತ್ತೆ ಉಳಿದೆ.

ಗದಗಿನಲ್ಲಿ ನನ್ನದೊಂದು ಖಾನಾವಳಿ ಇತ್ತು. ಗಂಡ ಸತ್ತ ಮೇಲೆ ನಾನೂ ತಂಗಿಯೂ ಸೇರಿ ಹಾಕಿದ್ದು. ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳುಪಲ್ಯ, ಅನ್ನ, ಸಾರು. ಕೋರ್ಟಿನ ಗುಮಾಸ್ತರು, ಬಸ್ಸಿನವರು, ಮೇಷ್ಟ್ರುಗಳು ಬಂದು ಉಂಡು ಹೋಗುತ್ತಿದ್ದರು. ಮಗಳನ್ನು ಓದಿಸಿದ್ದು ಅದೇ ಒಲೆ. ನಾನು ಹೋಗುವಾಗ ಅದನ್ನು ತಂಗಿಯ ಕೈಗೆ ಕೊಟ್ಟು ಹೋಗಿದ್ದೆ. ಸಂಕ್ರಾಂತಿ ಮುಗಿದ ಮೇಲೆ ಅವಳು ಫೋನ್ ಮಾಡಿದಳು.

"ಅಕ್ಕಾ, ರೊಟ್ಟಿ ಬಡದು ಬಡದು ನನ್ನ ರಟ್ಟಿ ಬಿದ್ದು ಹೋಗ್ಯಾವ. ಯುಗಾದಿ ತನಕ ನೋಡ್ತೀನಿ. ನೀ ಬರಲಿಲ್ಲಂದ್ರ ಬಾಗಲಾ ಹಾಕಿ ಮಗನ ಮನಿಗೆ ಹೋಗ್ತೀನಿ. ಆಮ್ಯಾಲ ನನಗ ಬೈಬ್ಯಾಡ."

"ಬರ್ತೀನಿ ತಡಿ" ಎಂದೆ.

ಬರುತ್ತೇನೆ ಎಂದರೆ ಬರಲಿಕ್ಕೆ ಆಗಬೇಕಲ್ಲ. ಪಾಸ್‌ಪೋರ್ಟು, ಟಿಕೇಟು ಎಲ್ಲ ಅಳಿಯನ ಕೈಯಲ್ಲಿ. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ಕೂತು ಮಾತಾಡುವುದಿಲ್ಲ. ಅವನು ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತೇವೆ. ಏನು ಬೇಕಾದರೂ ಮಗಳ ಬಾಯಿಂದಲೇ ಹೋಗಬೇಕು. ಅವನ ಮಾತೂ ಮಗಳ ಬಾಯಿಂದಲೇ ಬರಬೇಕು. ಟೋವಾ ಪಾಯೋದ ಆ ಮೂರು ಕೋಣೆಯ ಮನೆಯಲ್ಲೂ ನಾನು ಹಾಗೇ ಇದ್ದೆ. ಅವನು ಊಟಕ್ಕೆ ಕೂತರೆ ನಾನು ಅಡುಗೆಮನೆಗೆ, ಅವನು ಟಿವಿ ಮುಂದೆ ಕೂತರೆ ನಾನು ನನ್ನ ಕೋಣೆಗೆ. ಒಳ್ಳೆಯವನೋ ಕೆಟ್ಟವನೋ ನನಗೆ ಗೊತ್ತಿರಲಿಲ್ಲ. ಅವನ ಚಪ್ಪಲಿಯ ಸದ್ದು ಗೊತ್ತಿತ್ತು.

ಹಾಗಾಗಿ ಮಗಳಿಗೇ ಹೇಳಿದೆ. "ಯುಗಾದಿಯೊಳಗ ನನ್ನ ಕಳಿಸಿಕೊಡ್ಲಿಕ್ಕೆ ಹೇಳು ನಿನ್ನ ಗಂಡಗ."

"ಹೇಳ್ತೀನಿ ಬಿಡವ್ವಾ."

ಎಂಟು ದಿನ ಬಿಟ್ಟು ಕೇಳಿದೆ. "ಹೇಳೀನಿ. ನೋಡೋಣ ಅಂದಾರ" ಎಂದಳು. ಮತ್ತೆ ಕೇಳಿದೆ. "ಅವರಿಗೆ ಪ್ಲಾಂಟ್‌ನಾಗ ರಿಪೇರಿ ಶಟ್‌ಡೌನ್ ನಡದೈತವ್ವಾ, ಪುರಸತ್ತಿಲ್ಲ, ತಲಿ ತಿನ್ನಬ್ಯಾಡ" ಎಂದಳು.

ಅಳಿಯ ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹಿಡಿದು ಜುರಾಂಗ್ ಐಲ್ಯಾಂಡ್‌ನ ಕಾರ್ಖಾನೆಗೆ ಹೋಗುತ್ತಿದ್ದ. ಮಗಳು ಎಂಆರ್‌ಟಿ ರೈಲಿನಲ್ಲಿ ಬ್ಯೂನಾ ವಿಸ್ಟಾದ ಆಫೀಸಿಗೆ. ಆಮೇಲೆ ನಾನೂ ಕೂಸೂ. ಮಧ್ಯಾಹ್ನ ಅದನ್ನು ಎತ್ತಿಕೊಂಡು ಕಟ್ಟಡದ ಬುಡದಲ್ಲಿ ವಾಯ್ಡ್ ಡೆಕ್ ಎನ್ನುವ ತೆರೆದ ಪಡಸಾಲೆಗೆ ಇಳಿದು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ. ಅಲ್ಲಿ ಚೀನಾದ ಮುದುಕಿಯರು ಕೂರುತ್ತಿದ್ದರು. ಅವರ ಮೊಮ್ಮಕ್ಕಳು ಅವರ ತೊಡೆಯ ಮೇಲೆ, ನನ್ನದು ನನ್ನ ತೊಡೆಯ ಮೇಲೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಒಂದು ಮುದುಕಿ ಕೂಸಿನ ಕಡೆ ಬೆರಳು ತೋರಿಸಿ, ಆಮೇಲೆ ತನ್ನ ಸೊಂಟ ಹಿಡಿದುಕೊಂಡು ಮುಖ ಕಿವಿಚಿದಳು. ಅದು ತಿಳಿಯಿತು. ರಸ್ತೆಯ ತನಕ ಹೋಗಿ ತಿರುಗಿ ಬರುತ್ತಿದ್ದೆ. ಅದಕ್ಕಿಂತ ಮುಂದೆ ಎಲ್ಲ ಕಟ್ಟಡಗಳೂ ಒಂದೇ ಥರ. ಒಮ್ಮೆ ತಪ್ಪಿ ಬೇರೆ ಬ್ಲಾಕಿನ ಲಿಫ್ಟು ಹತ್ತಿ ಯಾರದೋ ಬಾಗಿಲಲ್ಲಿ ನಿಂತಿದ್ದೆ.

ಶಿವರಾತ್ರಿ ಕಳೆದ ಮೇಲೆ ಮಗಳು ರಜೆ ಹಾಕಿ ನನ್ನನ್ನು ಒಂದು ಆಫೀಸಿಗೆ ಕರೆದುಕೊಂಡು ಹೋದಳು. ಗಾಜಿನ ಮೇಲೆ ಬೆರಳು ಒತ್ತಿಸಿಕೊಂಡರು. ರೊಟ್ಟಿ ಬಡಿದು, ಹಂಚಿನ ಮೇಲೆ ಸುಟ್ಟುಕೊಂಡ ಬೆರಳು. ಗೆರೆ ಬೀಳಲಿಲ್ಲ. ಅಲ್ಲಿನ ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಒತ್ತಿಸಿದಳು. ಫೋಟೋ ಹೊಡೆದರು. ಪಾಸ್‌ಪೋರ್ಟ್ ಅಲ್ಲೇ ಇಟ್ಟುಕೊಂಡರು.

"ಇದು ಯಾತಕ್ಕವಾ?"

"ವೀಸಾದ್ದವ್ವಾ."

ನನ್ನ ಊರಿಗೆ ನಾನು ಹೋಗಲಿಕ್ಕೆ ವೀಸಾ ಯಾಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಕಳಿಸುವುದಕ್ಕೇ ಏನೋ ಮಾಡಿಸುತ್ತಿದ್ದಾರೆ ಎಂದು ತಿಳಿದು, ಅವತ್ತೇ ತಂಗಿಗೆ ಫೋನಿನಲ್ಲಿ "ಕಾಗದ ಕೊಟ್ಟೀವಿ, ಬಂದ್ನೇ ಅಂತ ತಿಳಿ" ಎಂದೆ.

ಮಗಳಿಗೆ ಆಗ ಒಂದು ಹುಚ್ಚು ಹತ್ತಿತ್ತು. ಆಫೀಸಿನಿಂದ ಬಂದು ಕಾಲು ಚಾಚಿ ಫೋನಿನಲ್ಲಿ ಬ್ರಿಟನ್ನಿನ ಹಳ್ಳಿಗಾಡು ನೋಡುತ್ತಿದ್ದಳು. ಹಸಿರು ಗುಡ್ಡ, ನಡುವೆ ಕಟ್ಟಿಗೆಯ ಒಂದು ಸಣ್ಣ ಗುಡಿಸಲು, ಅದಕ್ಕೆ ಕಬ್ಬಿಣದ ಗಾಲಿ, ಒಳಗೆ ಮಂಚ, ಕಬ್ಬಿಣದ ಒಲೆ. ಹೊರಗೆ ಬಿಸಿನೀರಿನ ದೊಡ್ಡ ಕಟ್ಟಿಗೆಯ ಬಾನಿ, ಅದರಲ್ಲಿ ಗಂಡ ಹೆಂಡತಿ ಕುತ್ತಿಗೆಯ ತನಕ ಮುಳುಗಿ ಕೂತಿರುವುದು. ಸುತ್ತ ಕುರಿ. ಮೊದಲು ಕುರಿ ಕಾಯುವವರು ಇರುತ್ತಿದ್ದ ಗುಡಿಸಲಂತೆ ಅದು. ಈಗ ಪೇಟೆಯವರು ರಜೆ ಕಳೆಯಲು ಹೋಗುತ್ತಾರಂತೆ.

"ನಮ್ಮ ಹೊಲದಾಗ ಕುರಿ ನಿಲ್ಲಿಸಿದಾಗ ಕುರುಬರು ಗುಡಿಸಲಾ ಹಾಕ್ಕೊಂತಿದ್ರಲ್ಲ, ಒಂದಿನಾನೂ ನೀ ಆ ಕಡೆ ಮೂಗು ಹಾಕಲಿಲ್ಲ" ಎಂದೆ. "ವಾಸನಿ ಅಂತಿದ್ದಿ."

"ಇದು ಬ್ಯಾರೆ ಅವ್ವಾ. ನಿನಗ ತಿಳಿಯಂಗಿಲ್ಲ."

"ಅಲ್ಲಿದ್ದದ್ದೂ ಕುರಿನ ಅಲ್ಲೇನು?"

ಅವಳು ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಳು.

ಒಂದು ಶನಿವಾರ ಅಳಿಯ ಎಲ್ಲರನ್ನೂ ಸಮುದ್ರದ ದಂಡೆಯ ಒಂದು ಪಾರ್ಕಿಗೆ ಹೊರಡಿಸಿದ. ಅಲ್ಲಿ ಹುಲ್ಲಿನ ಮೇಲೆ ಬಿಳಿ ಬಟ್ಟೆಯ ಮನೆ ಹಾಕಿದ್ದರು. ಗ್ಲಾಂಪಿಂಗ್ ಎಂದು ಅದರ ಹೆಸರು. ಬಟ್ಟೆಯ ಮನೆಗೆ ಎಸಿ! ಕಾರ್ಪೆಟ್ಟು, ದೀಪದ ಸರ, ಹೊರಗೆ ಇದ್ದಿಲ ಒಲೆ, ಒಳಗೆ ದೊಡ್ಡ ಮಂಚ, ಮಂಚದ ಕಾಲಬುಡಕ್ಕೆ ಒಂದು ಹಾಸಿಗೆ. ನಾನು ಒಳಗೆ ಬಗ್ಗಿ ನೋಡಿದೆ. ಸುತ್ತ ನೋಡಿದೆ.

"ನನ್ನ ಕೋಣಿ ಎಲ್ಲಿ?"

"ಟೆಂಟ್‌ನಾಗ ಎಲ್ಲಿ ಕೋಣಿ ಅವ್ವಾ? ಇದ ಹಾಸಿಗಿ ನಿಂದು."

"ಮಗಳು ಅಳಿಯ ಮಲಗೂ ಮಂಚದ ಬುಡಕ ನಾ ಮಲಗ್ಲೇನು? ನಾಚಿಗಿ ಬಿಟ್ಟಿಯೇನ?"

"ಒಂದಿನ ಅಡ್ಜಸ್ಟ್ ಮಾಡ್ಕೊ. ನಾಲ್ಕು ಜನಕ್ಕ ಅಂತ ಬುಕ್ ಮಾಡೇವಿ, ಅವರು ಗ್ವಾಡಿ ಕಟ್ಟಿ ಕೊಡ್ತಾರೇನು?"

ಅಳಿಯ ಹೊರಗೆ ಇದ್ದಿಲ ಚೀಲ ಬಿಚ್ಚುತ್ತಾ ಕೇಳಿಸದವನ ಹಾಗೆ ಬಗ್ಗಿದ. ಆ ಒಲೆಯ ಜಾಲರಿಗೆ ಯಾರೋ ಸುಟ್ಟ ಮಾಂಸದ ಜಿಡ್ಡು ಹತ್ತಿತ್ತು. ನಾನು ನನ್ನ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಂಡೇ ಬಂದಿದ್ದೆ.

ಮಗಳು ನನ್ನ ಪಕ್ಕ ಕೂತು ಫೋನು ತೆಗೆದಳು. ಅದೇ ಗಾಲಿಯ ಗುಡಿಸಲು.

"ಅವ್ವಾ, ಇವತ್ತಿಂದು ಬರೇ ಟ್ರಯಲ್. ಮೇ ತಿಂಗಳದಾಗ ನಾವು ನಾಲ್ಕೂ ಮಂದಿ ಇಂಗ್ಲೆಂಡ್‌ಗೆ ಹೊಂಟೀವಿ. ಇದ ಗುಡಿಸಲಾ, ಬುಕ್ ಆಗೇತಿ. ಸರ್‌ಪ್ರೈಸ್!"

ಕೂಸು ಕುಣಿಯಿತು. "ಅಜ್ಜೀ, ಶೀಪ್! ಬಿಗ್ ಶೀಪ್ ಲಾ!"

"ನಾನ್ಯಾಕ?" ಎಂದೆ.

"ನಿನ್ನ ಒಬ್ಬಾಕಿನ್ನ ಬಿಟ್ಟು ಹೋಗ್ತೀವೇನು? ನೀನೂ ನೋಡು ಒಂದು ಹೊಸಾ ದೇಶ."

ಬಾನಿಯಲ್ಲಿ ಗಂಡ ಹೆಂಡತಿ ಮುಳುಗಿ ಕೂತಾಗ ಕೂಸನ್ನು ಯಾರು ಹಿಡಿಯಬೇಕು ಎನ್ನುವುದು ನನಗೆ ತಿಳಿಯದ್ದೇನಲ್ಲ. ಆದರೆ ನನಗೆ ಆಗ ನೆನಪಾದದ್ದು ಗಾಜಿನ ಮೇಲೆ ಒತ್ತಿದ ಬೆರಳು.

"ಹಂಗಾರ ಅವತ್ತು ಬೆರಳು ಒತ್ತಿದ್ದು?"

"ಇಂಗ್ಲೆಂಡ್ ವೀಸಾಕ್ಕ."

"ಪಾಸ್‌ಪೋರ್ಟು?"

"ಅವರ ಕಡೇನ ಐತಿ. ಬರ್ತೈತಿ ತಡಿ."

ಯುಗಾದಿಗೆ ಇನ್ನು ಸ್ವಲ್ಪವೇ ದಿನ ಇತ್ತು. ಅಷ್ಟರಲ್ಲಿ ಕೂಸು ಉಚ್ಚೆ ಎಂದು ಕುಣಿಯಿತು. ಮಗಳು ಅದನ್ನು ಎತ್ತಿಕೊಂಡು ದೂರದ ಟಾಯ್ಲೆಟ್ ಕಟ್ಟಡಕ್ಕೆ ಓಡಿದಳು. ಅವಳು ಅಲ್ಲಿ ಮುಟ್ಟಿದಳೋ ಇಲ್ಲವೋ, ಮಳೆ ಬಂತು. ಆ ದೇಶದ ಮಳೆ ಹನಿ ಹಾಕಿ ಹೇಳಿ ಬರುವುದಿಲ್ಲ. ಕೊಡ ಬೋರಲು ಹಾಕಿದ ಹಾಗೆ ಬರುತ್ತದೆ. ಸಿಡಿಲು ಬೇರೆ. ಅಳಿಯ ಒಳಗೆ ನುಗ್ಗಿ ಬಟ್ಟೆಯ ಬಾಗಿಲ ಜಿಪ್ಪು ಎಳೆದ. ಮಗಳ ಫೋನು ಬಂತು. ಅವನು "ಅಲ್ಲೇ ಇರು, ಲೈಟ್ನಿಂಗ್ ನಿಂತ ಮೇಲೆ ಬಾ" ಎಂದ.

ಹೀಗೆ ಅತ್ತೆ ಅಳಿಯ ಇಬ್ಬರೇ ಒಂದು ಚೀಲದೊಳಗೆ ಕಟ್ಟಿಹಾಕಿದ ಹಾಗಾಯಿತು. ನಾನು ಸೆರಗು ಎಳೆದುಕೊಂಡು ಬಟ್ಟೆಯ ಕಡೆ ಮುಖ ಮಾಡಿ ಕೂತೆ. ಅವನು ಮಂಚದ ಆ ತುದಿಯಲ್ಲಿ ನಿಂತ. ಕೂರಲಿಕ್ಕೂ ನಾಚಿಕೆ ಪಾಪ. ಮಳೆ ಬಡಿಯುತ್ತಿತ್ತು, ಬಟ್ಟೆ ಬಡಿದುಕೊಳ್ಳುತ್ತಿತ್ತು. ಬಹಳ ಹೊತ್ತಾದ ಮೇಲೆ ಅವನು ಅಲ್ಲಿದ್ದ ಕೆಟಲ್ ನೋಡುತ್ತಾ, ಕೆಟಲ್ಲಿಗೇ ಹೇಳುವವನ ಹಾಗೆ, "ಅತ್ತೆ ಟೀ ಕುಡೀತಾರೇನೋ" ಎಂದ.

ನಾನು ಬಟ್ಟೆಗೆ ಹೇಳಿದೆ, "ಬ್ಯಾಡಂತ."

ಇವನ ಎದುರು ಬಾಯಿ ಬಿಟ್ಟರೆ ನನ್ನ ಅವ್ವ, ಅವಳ ಅವ್ವ ಯಾರೂ ಮಾಡದ ಕೆಲಸ. ಬಿಡದಿದ್ದರೆ ಮಳೆ ನಿಲ್ಲುತ್ತದೆ, ಮಗಳು ಬರುತ್ತಾಳೆ, ನನ್ನ ಮಾತು ಮತ್ತೆ ಅವಳ ಬಾಯಿಗೆ ಹೋಗುತ್ತದೆ. ಅಲ್ಲಿಂದ ಎಲ್ಲಿಗೆ ಹೋಗುತ್ತದೋ. ನಾನು ಸೆರಗು ಹಿಂದಕ್ಕೆ ತಳ್ಳಿ ಅವನ ಕಡೆ ತಿರುಗಿ ಕೂತೆ.

"ನೋಡ್ರಿ, ನನ್ನ ಯುಗಾದಿಯೊಳಗ ಊರಿಗೆ ಕಳಿಸಬೇಕು ನೀವು."

ಅವನು ಮೂಲೆಯಲ್ಲಿ ಹಾವು ಕಂಡವನ ಹಾಗೆ ನೋಡಿದ.

"ಊರಿಗಾ? ಯಾಕೆ ಅತ್ತೆ? ಇಲ್ಲಿ ಏನಾದ್ರೂ ತೊಂದ್ರೆ ಆಯ್ತಾ?"

"ನಿಮ್ಮ ಹೆಣ್ತಿ ಹೇಳಿಲ್ಲೇನು? ಸಂಕ್ರಾಂತಿಯಿಂದ ಹೇಳಾಕ್ಹತ್ತೀನಿ."

"ಇಲ್ಲ! ಅವಳು... 'ಅವ್ವ ಕೂಸನ್ನ ಬಿಟ್ಟಿರಲ್ಲ ಅಂತಾರೆ, ಊರಲ್ಲಿ ಎಲ್ಲಾ ಕ್ಲೋಸ್ ಮಾಡ್ಕೊಂಡೇ ಬಂದಿದಾರೆ' ಅಂದ್ಲು. ಅದಕ್ಕೇ ನಾನು ಪಾಸ್ ಎಕ್ಸ್‌ಟೆಂಡ್ ಮಾಡಿಸ್ತಾ ಇದ್ದೆ. ಖಾನಾವಳಿ ಮುಚ್ಚಿ ವರ್ಷಗಳೇ ಆಯ್ತು ಅಂತಾನೇ ನಾನು ಅಂದ್ಕೊಂಡಿರೋದು."

"ಮುಚ್ಚಿಲ್ಲ. ಈ ಹೊತ್ತಿಗೂ ಅಲ್ಲಿ ಒಲಿ ಉರಿಯಾಕ್ಹತ್ತೇತಿ. ನಾ ಹೋಗಲಿಲ್ಲಂದ್ರ ಯುಗಾದಿಗೆ ಆರತೈತಿ."

ಅವನು ಈಗ ಮಂಚದ ಮೇಲೆ ಕೂತ. ತಲೆ ಕೆರೆದುಕೊಂಡ.

"ಪಾಸ್‌ಪೋರ್ಟ್ ಎಂಬೆಸಿ ಕಡೆ ಹೋಗ್ಬಿಟ್ಟಿದೆ ಅತ್ತೆ. ವೀಸಾ ಅರ್ಜಿ ವಿತ್‌ಡ್ರಾ ಮಾಡಿ ವಾಪಸ್ ಕೇಳ್ಬಹುದು. ಎಷ್ಟು ದಿನ ತಗೋತಾರೋ ಗೊತ್ತಿಲ್ಲ."

"ಕೇಳ್ರಿ."

"ಕೇಳ್ತೀನಿ. ಆದ್ರೆ ನೀವು ಹೋದ್ರೆ ಕೂಸನ್ನ ಯಾರು..." ಎಂದವನು ನಿಲ್ಲಿಸಿದ.

"ಅದು ನಿಮ್ಮ ಕೂಸು" ಎಂದೆ.

ಮಳೆ ಸಣ್ಣಗಾಗುವಾಗ ಮಗಳು ಜಿಪ್ಪು ಎಳೆದು ತೊಯ್ದು ತೊಪ್ಪೆಯಾಗಿ ಒಳಗೆ ಬಂದಳು. ಸೆರಗಿಲ್ಲದ ನನ್ನ ತಲೆ ನೋಡಿದಳು, ಗಂಡನ ಮುಖ ನೋಡಿದಳು. ಏನಾಗಿದೆ ಎಂದು ತಿಳಿಯಲು ಅವಳಿಗೆ ಅಷ್ಟು ಸಾಕಾಯಿತು.

"ಹೇಳಿಬಿಟ್ಯಾ? ಅವರ ಮುಂದ?"

"ನೀ ಹೇಳಿದ್ರ ನಾ ಯಾಕ ಹೇಳ್ತಿದ್ದೆ?"

"ಯಾಕೆ ಸುಳ್ಳು ಹೇಳ್ದೆ ನಂಗೆ?" ಎಂದ ಅಳಿಯ.

"ನೀವು ಸುಮ್ನಿರಿ. ನಿಮಗೇನು, ಬಸ್ ಹತ್ತಿ ಹೋಗ್ತೀರ. ಅವ್ವ ಹೋದ್ರೆ ಕೆಲಸ ಬಿಡೋಳು ನಾನು!" ಎಂದು ಅವನಿಗೆ ಹೇಳಿ, ನನ್ನ ಕಡೆ ತಿರುಗಿದಳು. ಅಳುತ್ತಿದ್ದಳೋ, ಮಳೆಯ ನೀರೋ. "ನಿನಗ ನಾ ಹೆಚ್ಚೋ, ಆ ರೊಟ್ಟಿ ಬಡಿಯೂ ಅಂಗಡಿ ಹೆಚ್ಚೋ? ಹೇಳವ್ವಾ."

"ಅಂಗಡಿ" ಎಂದೆ.

ಸುಳ್ಳು ಹೇಳಬಹುದಿತ್ತು. ಆ ಕ್ಷಣಕ್ಕೆ ನನಗೆ ನಿಜವಾಗಿಯೂ ಅಂಗಡಿಯೇ ಹೆಚ್ಚಾಗಿತ್ತು. ಮಗಳಿಗೆ ಗಂಡ ಇದ್ದ, ಸಂಬಳ ಇತ್ತು, ಕೂಸಿತ್ತು, ಇಂಗ್ಲೆಂಡಿನ ಗುಡಿಸಲಿತ್ತು. ನನಗೆ ಅದೊಂದೇ ಇದ್ದದ್ದು.

ಸಂಜೆ ಅಳಿಯ ಒದ್ದೆ ಇದ್ದಿಲಿಗೆ ಬೆಂಕಿ ಹಚ್ಚಲು ನೋಡಿ ಕೈ ಬಿಟ್ಟ. ಎಲ್ಲರೂ ನನ್ನ ರೊಟ್ಟಿಯನ್ನೇ ಮುರಿದು ತಿಂದೆವು. ಮಲಗುವ ಹೊತ್ತಿಗೆ ಅವನು ಒಂದು ಟವಲ್ ಹಿಡಿದು ಹೊರಗಿನ ಕುರ್ಚಿಗೆ ಹೋದ. ನನ್ನ ಮರ್ಯಾದೆ ಉಳಿಸಿದನೋ, ಹೆಂಡತಿಯ ಮೇಲಿನ ಸಿಟ್ಟೋ, ನಾನು ಕೇಳಲಿಲ್ಲ.

ಸೋಮವಾರವೇ ಅವನು ಪಾಸ್‌ಪೋರ್ಟ್ ವಾಪಸ್ ಕೇಳಿದ. ಅದು ನನ್ನ ಮುಂದೆಯೇ ಫೋನಿನಲ್ಲಿ ಆಯಿತು. ಆಮೇಲೆ ಕಾಯುವುದು. ಮಗಳು ಮಾತು ಬಿಟ್ಟಳು. ಅವಳ ಡಬ್ಬಿ ಕಟ್ಟಿದೆ, ಅವಳ ಕೂಸಿನ ಕುಂಡಿ ತೊಳೆದೆ. ಮಾತಿಲ್ಲದೆ ತೆಗೆದುಕೊಂಡಳು. ಮೊದಲಾದರೆ ಮನೆಯಲ್ಲಿ ಜಗಳವಾದರೂ ಇತ್ತು. ಈಗ ಲಿಫ್ಟಿನ ಸದ್ದು ಬಂದರೆ ಪಾಸ್‌ಪೋರ್ಟ್ ತಂದವರೋ ಎಂದು ಬಾಗಿಲಿಗೆ ಹೋಗುತ್ತಿದ್ದೆ. ಪಕ್ಕದ ಮನೆಯವರು ತರಕಾರಿ ಹಿಡಿದು ಬರುತ್ತಿದ್ದರು.

ಯುಗಾದಿ ಬಂತು. ಬೇವು ಬೆಲ್ಲ ಮಾಡಿದೆ. ಮಧ್ಯಾಹ್ನ ತಂಗಿಯ ಫೋನು.

"ಬಾಗಲಾ ಹಾಕಿದ್ನೆಕ್ಕಾ. ಬಾಂಡೆ ಎಲ್ಲಾ ನಿನ್ನ ಮನ್ಯಾಗ ಇಡಿಸೀನಿ. ಜಾಗಾದ ಮಾಲಕರು ಅದನ್ನ ಮೊಬೈಲ್ ಅಂಗಡಿಯವಗ ಕೊಟ್ರಂತ."

"ಹೌದೇನು" ಎಂದೆ. ಬೈಯಲಿಲ್ಲ. ಅವಳು ಮೊದಲೇ ಹೇಳಿದ್ದಳು.

ಪಾಸ್‌ಪೋರ್ಟು ಅದಾದ ಮೇಲೆ ಬಂತು. ಅಳಿಯ ಅದನ್ನು ಊಟದ ಮೇಜಿನ ಮೇಲೆ ಇಟ್ಟು ನನ್ನ ಕಡೆ ನೋಡಿದ. ಮಗಳು ಆಗ ಬಾಯಿ ಬಿಟ್ಟಳು, ಮೆತ್ತಗೆ.

"ಇನ್ನೇನೈತವ್ವಾ ಅಲ್ಲಿ? ಬಾಗಲಾ ಹಾಕ್ಯಾರಲ್ಲ. ಇನ್ನೂ ಟೈಮ್ ಐತಿ, ವೀಸಾ ಮತ್ತ ಹಾಕಬಹುದು. ಬಾ ನಮ್ಮ ಜೋಡಿ."

ಅವಳು ಹೇಳಿದ್ದು ಖರೆ. ಹೋಗಲಿಕ್ಕೆ ಈಗ ಕಾರಣವೇ ಇರಲಿಲ್ಲ. ಇರಲಿಕ್ಕೆ ನೂರಿದ್ದವು. ಕೂಸು ನನ್ನ ಕಾಲು ಹಿಡಿದು ನಿಂತಿತ್ತು. ಕಾರಣವಿಲ್ಲ ಎಂದು ಇವತ್ತು ಉಳಿದರೆ ಇನ್ನು ಯಾವ ಕಾರಣವೂ ಹುಟ್ಟುವುದಿಲ್ಲ, ಈ ಮನೆಯಲ್ಲೇ ನನ್ನ ಹೆಣ ಬೀಳುತ್ತದೆ ಎನ್ನಿಸಿತು.

"ಟಿಕೇಟ್ ತಗಸ್ರಿ" ಎಂದೆ ಅಳಿಯನಿಗೆ.

ಅವನು ತೆಗೆಸಿದ. ಮಗಳು ವಿಮಾನ ನಿಲ್ದಾಣಕ್ಕೆ ಬರಲಿಲ್ಲ, ಕೂಸನ್ನು ನೋಡಿಕೊಳ್ಳಬೇಕಿತ್ತು. ಈಗ ಗದಗಿನ ನನ್ನ ಮನೆಯ ಪಡಸಾಲೆಯಲ್ಲೇ ಒಲೆ ಹಾಕಿದ್ದೇನೆ. ಮೊದಲು ಬರುತ್ತಿದ್ದವರಲ್ಲಿ ಅರ್ಧ ಜನವೂ ಬರುವುದಿಲ್ಲ. ಕೋರ್ಟಿನವರಿಗೆ ಇದು ದೂರ. ಬಂದವರಿಗೆ ರೊಟ್ಟಿ ಬಡಿದು ಹಾಕುತ್ತೇನೆ.