ಎರಡು ಬಾಗಿಲುಗಳ ನಡುವಿನ ಬಿಡಾರ

ಗೋಡೆಯ ಬೀರು ತೆರೆದುಕೊಂಡು ಅದರೊಳಗಿಂದ ಒಬ್ಬ ಹೆಂಗಸು ಹೊರಗೆ ಬಂದರೆ ನಿಮಗೆ ಹೇಗಾಗುತ್ತದೆ? ಸುಂಟಿಕೊಪ್ಪಕ್ಕೆ ಬಂದ ಮರುದಿನ ಬೆಳಿಗ್ಗೆ ನನಗಾದದ್ದು ಅದೇ. ಯಜಮಾನರು ಎಸ್ಟೇಟಿಗೆ ಹೋಗಿದ್ದರು. ನಾನು ಎದುರು ಬಾಗಿಲಿಗೆ ಅಗುಳಿ ಹಾಕಿ, ತಲೆಗೆ ಎಣ್ಣೆ ಹಚ್ಚಿಕೊಂಡು, ಅರಸೀಕೆರೆಯಿಂದ ತಂದ ಪಾತ್ರೆಗಳನ್ನು ಜೋಡಿಸುತ್ತಿದ್ದೆ. ಎಡಗೋಡೆಯಲ್ಲಿದ್ದ ಬೀರು ಕಿರ್ ಎಂದಿತು. ಕಂಕುಳಲ್ಲಿ ಕೋಳಿ ಇಟ್ಟುಕೊಂಡ ಒಬ್ಬ ದಪ್ಪನೆಯ ಹೆಂಗಸು ನನ್ನ ಅಡುಗೆಮನೆಯಲ್ಲಿ ನಿಂತಿದ್ದರು.

"ಹೊಸಬಳು ನೀನೇನಾ? ಆಚೆ ಮನೆಯವ್ಕೆ ಹೇಳ್, ಅವರ ಕೋಳಿ ನಮ್ಮ ಸೊಪ್ಪೆಲ್ಲಾ ಕೆದರಿ ಹಾಕುಟ್ಟು ಅಂತ" ಎಂದು ಕೋಳಿಯನ್ನು ನನ್ನ ಕೈಗೆ ಕೊಟ್ಟರು. ಆಚೆ ಮನೆ ಎಲ್ಲಿ ಎಂದು ನಾನು ಕೇಳುವಷ್ಟರಲ್ಲಿ ಬಲಗೋಡೆಯ ಬೀರೂ ತೆರೆಯಿತು. ಅಲ್ಲಿ ಇನ್ನೊಬ್ಬ ಸಣಕಲು ಹೆಂಗಸು. "ಕೋಳಿ ಕೊಡು. ಬೇಲಿ ಸರಿಯಾಗಿ ಕಟ್ಟಿಕೊಳ್ಳೋಕೆ ಹೇಳು ಅವರಿಗೆ." ಇಬ್ಬರ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿತ್ತು. ಆದರೂ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಯ್ಯೋ ಶಿವನೇ, ಇದೆಂಥ ಊರಿಗೆ ಬಂದೆನಪ್ಪಾ ಎಂದುಕೊಂಡೆ.

ಆಮೇಲೆ ತಿಳಿಯಿತು. ಅವು ಬೀರುಗಳಲ್ಲ, ಬಾಗಿಲುಗಳು. ಮೊದಲು ಅದು ಒಂದೇ ಉದ್ದನೆಯ ಮನೆ. ಅರೆಭಾಷೆ ಮಾತಾಡುವ ಗೌಡರ ಕುಟುಂಬ. ಅರೆಭಾಷೆ ಎಂದರೆ ಕನ್ನಡವೇ, ‘ಇದೆ’ ಎನ್ನುವುದಕ್ಕೆ ‘ಉಟ್ಟು’ ಎನ್ನುತ್ತಾರೆ; ಆದರೆ ನಮ್ಮ ಕಡೆಯ ಕಿವಿಗೆ ಅದು ಹತ್ತುವುದಕ್ಕೆ ಒಂದು ಮಳೆಗಾಲ ಬೇಕು. ಅಣ್ಣ ಕುಶಾಲಪ್ಪನವರು, ತಮ್ಮ ಮೇದಪ್ಪನವರು. ಪಾಲಾದಾಗ ಎಡಭಾಗ ಅಣ್ಣನಿಗೆ, ಬಲಭಾಗ ತಮ್ಮನಿಗೆ ಬಂತು. ನಡುಭಾಗ ತನಗೇ ಬೇಕು ಎಂದು ಇಬ್ಬರೂ ಹಟ ಹಿಡಿದರು. ಯಾರಿಗೂ ಬೇಡ ಎಂದು ಕೊನೆಗೆ ಅದನ್ನು ಬಾಡಿಗೆಗೆ ಕೊಟ್ಟರು, ಅದೂ ಇಬ್ಬರಿಗೂ ಸಂಬಂಧವಿಲ್ಲದ ಪರಸ್ಥಳದವರಿಗೇ. ಹಾಗಾಗಿ ಆ ಜಗಳದೊಳಗೆ ನಾವು ಸಂಸಾರ ಹೂಡಿದೆವು. ಬಾಗಿಲುಗಳ ಚಿಲಕ ಎರಡೂ ಆಚೆ ಕಡೆ. ನನ್ನ ಕಡೆ ಒಂದು ಮೊಳೆಯೂ ಇರಲಿಲ್ಲ.

ಆಗ ಕೊಡಗು ತನ್ನಷ್ಟಕ್ಕೇ ಒಂದು ರಾಜ್ಯ. ಅಂಗೈಯಗಲ ಇದ್ದರೂ ಅದಕ್ಕೂ ಶಾಸನಸಭೆ, ಮಂತ್ರಿ ಎಲ್ಲ ಇತ್ತು. ನಮ್ಮ ಕಡೆ ಮಂತ್ರಿಯ ಮುಖ ನೋಡಬೇಕಾದರೆ ರೈಲು ಹತ್ತಬೇಕು. ಇಲ್ಲಿ ಯಾರನ್ನು ಕೇಳಿದರೂ ಮಂತ್ರಿ ಅವರ ದೂರದ ನೆಂಟ. ಈ ರಾಜ್ಯ ಹೀಗೇ ಪ್ರತ್ಯೇಕವಾಗಿರಬೇಕು ಎನ್ನುವವರು ಕುಶಾಲಪ್ಪನವರು. ನಮ್ಮ ಮೈಸೂರು ರಾಜ್ಯಕ್ಕೆ ಸೇರಬೇಕು ಎನ್ನುವವರು ಮೇದಪ್ಪನವರು. ಪಾಲಿನ ಜಗಳಕ್ಕೆ ರಾಜಕೀಯ ಸಿಕ್ಕಿತೋ, ರಾಜಕೀಯಕ್ಕೆ ಪಾಲಿನ ಜಗಳ ಸಿಕ್ಕಿತೋ, ಅಂತೂ ಚುನಾವಣೆಯ ಹೊತ್ತಿಗೆ ಅಣ್ಣತಮ್ಮಂದಿರು ಮಾತು ಬಿಟ್ಟರು. ಗಂಡಂದಿರು ಬಿಟ್ಟ ಮೇಲೆ ಹೆಂಡಿರು ಬಿಡಲೇಬೇಕಲ್ಲ. ಎಡಗಡೆಯ ದೇವಮ್ಮಕ್ಕ, ಬಲಗಡೆಯ ಪೂವಮ್ಮಕ್ಕ ಅದಕ್ಕೆ ಮುಂಚೆ ಒಂದೇ ಒಲೆಯಲ್ಲಿ ಬೇಯಿಸಿದವರಂತೆ.

ಯಜಮಾನರು ಎಸ್ಟೇಟಿನಲ್ಲಿ ರೈಟರು. ಇಲ್ಲಿ ಗುಮಾಸ್ತರನ್ನು ಹಾಗೆ ಕರೆಯುತ್ತಾರೆ; ಅರಸೀಕೆರೆಯಲ್ಲಿ ನಮ್ಮಮ್ಮ ಅಳಿಯ ಪುಸ್ತಕ ಬರೆಯುತ್ತಾನೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅವರು ಬೆಳಕು ಹರಿಯುವ ಮೊದಲೇ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಇಡೀ ದಿನ ನಾನು ಮತ್ತು ಎರಡು ಬಾಗಿಲು. ಒಂದು ಕಡೆಯಿಂದ ಅಕ್ಕಿರೊಟ್ಟಿ ಬಂದರೆ ಇನ್ನೊಂದು ಕಡೆಯಿಂದ ಕಣಿಲೆ ಪಲ್ಯ ಬರುತ್ತಿತ್ತು. ಕಣಿಲೆ ಎಂದರೆ ಎಳೆ ಬಿದಿರು. "ಅವಳು ಉಪ್ಪು ಹಾಕಿದ್ಲಾ?" ಎಂದು ಇವರು ಕೇಳುವರು, "ಅವರ ರೊಟ್ಟಿ ಬೆಂದಿತ್ತಾ?" ಎಂದು ಅವರು. ನನಗೋ ಒಂದು ಮುದ್ದೆ ಸಿಕ್ಕಿದರೆ ಸಾಕಾಗಿತ್ತು. ಮೂರು ಹೊತ್ತೂ ಅಕ್ಕಿ ತಿಂದು ತಿಂದು ನನ್ನ ಹೊಟ್ಟೆಗೆ ಊಟ ಮಾಡಿದ್ದೇ ಗೊತ್ತಾಗುತ್ತಿರಲಿಲ್ಲ. ಕುಶಾಲನಗರದ ಸಂತೆಯಿಂದ ಯಜಮಾನರು ರಾಗಿ ಹಿಟ್ಟು ತಂದ ದಿನ ಖುಷಿಯಿಂದ ಕುಣಿದುಬಿಟ್ಟೆ.

ಮಾತು ಸಾಗಿಸುವ ಕೆಲಸದಲ್ಲಿ ಮೊದಮೊದಲು ಬುದ್ಧಿವಂತಿಕೆ ತೋರಿಸಲು ಹೋದೆ. "ಆ ಬಾಯಿಬಡುಕಿಗೆ ಹೇಳು, ಕೊಟ್ಟಿಗೆ ನೀರು ಇತ್ತ ಹರೀತದೆ" ಎಂದು ದೇವಮ್ಮಕ್ಕ ಅಂದರೆ, ನಾನು ಬಲಬಾಗಿಲಿಗೆ ಹೋಗಿ "ಅಕ್ಕಾ, ಕೊಟ್ಟಿಗೆ ನೀರು ಸ್ವಲ್ಪ ನೋಡಬೇಕಂತೆ" ಎನ್ನುತ್ತಿದ್ದೆ. ಹಿಂದಿನಿಂದ ದೇವಮ್ಮಕ್ಕನ ಗದರಿಕೆ. "ನಾ ಹಾಗಾ ಹೇಳಿದ್ದು? ಬಾಯಿಬಡುಕಿ ಅಂತ ಹೇಳಿದ್ದೆ. ಸರಿಯಾಗಿ ಹೇಳು!" ಪೂವಮ್ಮಕ್ಕನೂ ಬಿಡುತ್ತಿರಲಿಲ್ಲ. "ಹೌದು, ನಂಗೂ ಕೇಳಿತ್ತು. ನೀ ಯಾಕೆ ನುಂಗಿದ್ದು?"

ಸಂಜೆ ಇನ್ನೊಂದು ಕಾಟ. ಬಸ್ಸಿನಲ್ಲಿ ಪತ್ರಿಕೆಗಳು ಬರುತ್ತಿದ್ದವು. ಅಣ್ಣನಿಗೆ ಒಂದು, ತಮ್ಮನಿಗೆ ಒಂದು. ಇಬ್ಬರೂ ತಮ್ಮ ತಮ್ಮ ಜಗಲಿಯಲ್ಲಿ ಕೂತು ದೊಡ್ಡ ದನಿಯಲ್ಲಿ ಓದುವರು. ತಮಗಾಗಿ ಅಲ್ಲ, ಆಚೆಯವರಿಗೆ ಕೇಳಲಿ ಎಂದು. ಮಡಿಕೇರಿಯಲ್ಲಿ ನಡೆದ ಒಂದೇ ಸಭೆ, ಎಡಕಿವಿಯಲ್ಲಿ ಜನ ಕಿಕ್ಕಿರಿದು ತುಂಬಿರುತ್ತಿದ್ದರು, ಬಲಕಿವಿಯಲ್ಲಿ ಕುರ್ಚಿಗಳೆಲ್ಲ ಖಾಲಿ ಬಿದ್ದಿರುತ್ತಿದ್ದವು. ನಾನು ನಡುವಿನ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಕುಶಾಲಪ್ಪನವರು ಓದು ಮುಗಿಸಿ ನನ್ನ ಕಡೆ ತಿರುಗಿ, "ಏನಮ್ಮಾ, ನಿಮ್ಮ ಮೈಸೂರಿನವರಿಗೆ ನಮ್ಮ ರಸ್ತೆ, ನಮ್ಮ ಕಾಫಿ ಎಲ್ಲಾ ಬೇಕಂತೆ?" ಎನ್ನುವರು. ಆ ಕಡೆಯಿಂದ ಮೇದಪ್ಪನವರು, "ಹೇಳಮ್ಮಾ, ನಿಮ್ಮ ಊರಲ್ಲಿ ಕಾಲೇಜಿದೆ ಅಂತ ಹೇಳು ಅವರಿಗೆ!" ನಮ್ಮ ಊರಲ್ಲಿ ಕಾಲೇಜೂ ಇರಲಿಲ್ಲ, ಕಾಫಿ ಬೇಕೆಂದು ನಾನು ಯಾರನ್ನೂ ಕೇಳಿರಲೂ ಇಲ್ಲ. ನನ್ನ ಹೆಸರಲ್ಲಿ ಇವರಿಬ್ಬರೂ ಮೈಸೂರಿನ ಜೊತೆ ಜಗಳವಾಡುತ್ತಿದ್ದರು.

ಬೇರೆ ಮನೆ ಹುಡುಕಿದೆವು. ಸಿಗಲಿಲ್ಲ. ಮೈಸೂರು ಸೀಮೆಯವರು ಎಂದ ಕೂಡಲೇ ಕೆಲವರು ಇಲ್ಲ ಎನ್ನುವರು. ಉಳಿದವರು, ಕುಶಾಲಪ್ಪನವರ ಮನೆಯಿಂದ ಬಂದಿರಾ, ನಮಗೆ ಅವರ ನಿಷ್ಠುರ ಬೇಡ ಎನ್ನುವರು. ಬಡಗಿಯನ್ನು ಕರೆಸಿ ನಮ್ಮ ಕಡೆಗೂ ಚಿಲಕ ಹಾಕಿಸಲು ಹೋದೆವು. "ನಮ್ಮ ಬಾಗಿಲಿಗೆ ಚಿಲಕ ಹಾಕೋಕೆ ನೀವ್ಯಾರು?" ಎಂದು ಎರಡೂ ಕಡೆಯಿಂದ ಕೂಗು ಬಂತು. ಆ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರು ಒಂದಾದರು. ಅವತ್ತು ನಾನು ಬಚ್ಚಲಿಗೆ ಹೋಗಿ ಅತ್ತೆ. ಅಳುವುದಕ್ಕೂ ನನಗೆ ಬೇರೆ ಜಾಗವಿರಲಿಲ್ಲ.

ಆಗ ನಾನು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಹೋಗಬೇಕಾದವಳು. ಅಮ್ಮ ಬಂದು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ಅವಳು ಬರುವ ಮೊದಲೇ ಒಂದು ಮಧ್ಯಾಹ್ನ ಸೊಂಟ ಹಿಡಿದುಕೊಂಡಿತು. ಎರಡೂ ಬಾಗಿಲು ಬಡಿದೆ. ಇಬ್ಬರೂ ಓಡಿ ಬಂದರು. ಬಂದವರು ನನ್ನ ತಲೆಯ ಹತ್ತಿರ ಒಬ್ಬರು, ಕಾಲಿನ ಹತ್ತಿರ ಒಬ್ಬರು ನಿಂತರು. ನಾನು ಹಲ್ಲು ಕಚ್ಚಿಕೊಂಡು ಚಾಪೆ ಕೀಳುತ್ತಿದ್ದೇನೆ, ಆಗ ಪೂವಮ್ಮಕ್ಕ, "ಶಾರದಾ, ನೀರು ಬಿಸಿಗಿಡೋಕೆ ಹೇಳು ಅವರಿಗೆ" ಅಂದರು.

"ನೀರು ಆಗಲೇ ಒಲೆ ಮೇಲೆ ಉಟ್ಟು ಅಂತ ಹೇಳು ಅವಳಿಗೆ. ಅವಳು ಸೊಂಟ ನೀವಲಿ" ಎಂದರು ದೇವಮ್ಮಕ್ಕ.

ಎಲ್ಲಿತ್ತೋ ಆ ಸಿಟ್ಟು! "ನಿಮ್ಮ ಮನೆ ಹಾಳಾಗ! ನಾನು ಮಗು ಹೆರಲೋ, ನಿಮ್ಮ ಮಾತು ಹೊರಲೋ? ಬಾಯಿ ಇಲ್ವಾ ನಿಮಗೆ? ನೀವೇ ಮಾತಾಡ್ಕೊಳ್ಳಿ, ಇಲ್ಲದಿದ್ರೆ ಇಬ್ಬರೂ ಹೊರಗೆ ಹೋಗಿ!" ಎಂದು ಬೀದಿಗೆ ಕೇಳುವಂತೆ ಕಿರುಚಿದೆ.

ದೇವಮ್ಮಕ್ಕ ನನ್ನ ತಲೆಯ ಮೇಲಿನಿಂದ ಬಗ್ಗಿ, "ಪೂವೀ, ಆ ಹಳೇ ಸೀರೆ ಇತ್ತ ಕೊಡು" ಎಂದರು. ಪೂವಮ್ಮಕ್ಕ ಕೊಟ್ಟರು. ಕೊಡುವಾಗ ಅಳುತ್ತಿದ್ದರು. ಆಸ್ಪತ್ರೆಯ ನರ್ಸಮ್ಮ ಬರುವಷ್ಟರಲ್ಲಿ ನನ್ನ ಮಗಳು ದೇವಮ್ಮಕ್ಕನ ಕೈಯಲ್ಲಿದ್ದಳು, ಪೂವಮ್ಮಕ್ಕ ಅವಳ ಮುಖ ಒರೆಸುತ್ತಿದ್ದರು, ಇಬ್ಬರೂ ಬಾಯಿ ಮುಚ್ಚದೆ ಮಾತಾಡುತ್ತಿದ್ದರು. ಬಿಡುಗಡೆಯಾಯಿತು ಎಂದು ನಾನು ಕಣ್ಣು ಮುಚ್ಚಿದೆ.

ಎಲ್ಲಿಯ ಬಿಡುಗಡೆ! ಅಂದಿನಿಂದ ಬಾಗಿಲುಗಳೇ ಮುಚ್ಚಲಿಲ್ಲ. ಮೊದಲು ಮಾತು ಮಾತ್ರ ಹಾಯುತ್ತಿದ್ದ ಮನೆಯಲ್ಲಿ ಈಗ ಮನುಷ್ಯರು ಹಾಯತೊಡಗಿದರು. ಇಬ್ಬರೂ ನನ್ನ ನಡುಮನೆಯಲ್ಲಿ ಕೂತು, ಮಗುವನ್ನು ಒಬ್ಬರಿಂದ ಒಬ್ಬರು ಕಸಿದುಕೊಂಡು, ಅರೆಭಾಷೆಯಲ್ಲಿ ಬಿಟ್ಟುಹೋದ ಕಾಲವನ್ನೆಲ್ಲ ಮಾತಾಡಿ ತೀರಿಸುತ್ತಿದ್ದರು. ಮಾತೆಲ್ಲ ನನಗೆ ಅರ್ಥವಾಗುತ್ತಿತ್ತು. ಆದರೆ ಆ ಮಾತಿನಲ್ಲಿ ಬರುವ ಅತ್ತೆ, ಮಾವ, ನಾದಿನಿ, ಯಾರೊಬ್ಬರೂ ನನಗೆ ಗೊತ್ತಿರಲಿಲ್ಲ. ನಗುವಾಗ ಸುಮ್ಮನೆ ಜೊತೆಗೆ ನಗುತ್ತಿದ್ದೆ. ಗಂಡಸರು ಮಾತ್ರ ಬದಲಾಗಲಿಲ್ಲ. ಎರಡು ಪತ್ರಿಕೆಗಳನ್ನೂ ಕೇಳುತ್ತಲೇ ನನ್ನ ಮಗಳು ಅಂಬೆಗಾಲಿಟ್ಟಳು.

ಕೊನೆಗೆ ಕೊಡಗು ಮೈಸೂರಿಗೆ ಸೇರಿತು. ಆ ಸಂಜೆ ಮೇದಪ್ಪನವರು ಗಂಟಲು ಹರಿಯುವಂತೆ ಓದುತ್ತಾರೆ ಎಂದು ನಾನು ಕಾದಿದ್ದೆ. ಅವರು ಪತ್ರಿಕೆಯನ್ನು ಮಡಿಚಿ, ಎದ್ದು, ಅಣ್ಣನ ಜಗಲಿಗೆ ಹೋಗಿ ಕೂತರು. ಕುಶಾಲಪ್ಪನವರೂ ತಮ್ಮ ಪತ್ರಿಕೆಯನ್ನು ಮಡಿಚಿಟ್ಟು, "ಕಾಫಿ ಕುಡಿತಿಯಾ?" ಎಂದರು. ಜಗಳಕ್ಕೆ ಇನ್ನು ವಿಷಯವೇ ಇರಲಿಲ್ಲ.

ಕೆಲವು ದಿನಗಳಾದ ಮೇಲೆ ದೇವಮ್ಮಕ್ಕ ನನ್ನ ಪಕ್ಕ ಕೂತು ಹೇಳಿದರು. "ಮನೆ ಮತ್ತೆ ಒಂದು ಮಾಡ್ದು ಅಂತ ಇಬ್ಬರೂ ಹೇಳ್ತೊಳೊ, ಶಾರದಾ. ನಡುಭಾಗ ಬೇಕು. ಎಂತ ಮಾಡ್ದು? ನಿಂಗೆ ಮನೆ ನಾವೇ ಹುಡುಕಿ ಕೊಡುವೊ." ಎಷ್ಟು ದಿನ ಬೇಡಿಕೊಂಡಿದ್ದೆ ಈ ಮನೆಯಿಂದ ತಪ್ಪಿಸಪ್ಪಾ ಎಂದು! ಸಂತೋಷಪಡಬೇಕಿತ್ತು. ನನಗೆ ಬಂದದ್ದು ಹೊಟ್ಟೆಯುರಿ. ಮೈಸೂರು ಒಳಗೆ ಬಂತು, ಮೈಸೂರಿನವಳು ಹೊರಗೆ ಬಿದ್ದಳು ಎಂದು ಯಜಮಾನರ ಹತ್ತಿರ ಹಾರಾಡಿದೆ. "ಹಾಗಾದ್ರೆ ಊರಿಗೇ ಹೋಗೋಣ್ವಾ?" ಎಂದರು. ಯಾವ ಊರಿಗೆ ಎಂದು ನನ್ನ ಬಾಯಿಗೆ ಬಂತು. ಮಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಅದೇ ಬೀದಿಯ ಕೊನೆಯಲ್ಲಿ ಮನೆ ಸಿಕ್ಕಿತು. ಒಳ್ಳೆಯ ಮನೆ. ಎದುರಿಗೊಂದು, ಹಿತ್ತಿಲಿಗೊಂದು ಬಾಗಿಲು, ಎರಡಕ್ಕೂ ನನ್ನ ಕಡೆಯೇ ಚಿಲಕ. ಹಾಕಿಕೊಂಡರೆ ಯಾರೂ ಬರುವುದಿಲ್ಲ. ಯಾರೂ ಬರುವುದೇ ಇಲ್ಲ.

ಹೋದ ವಾರ ಮಗಳನ್ನು ಕರೆದುಕೊಂಡು ಆ ಮನೆಗೆ ಹೋದೆ. ಜಗಲಿಯಲ್ಲಿ ಪೂವಮ್ಮಕ್ಕ ಅಕ್ಕಿ ಆರಿಸುತ್ತಿದ್ದರು. "ಓ, ಬನ್ನಿ ಬನ್ನಿ! ಕೂತ್ಕೊಳ್ಳಿ, ಅಕ್ಕನ್ನ ಕರೀತೆ" ಎಂದು ಗಡಿಬಿಡಿಯಿಂದ ಕುರ್ಚಿ ಎಳೆದು ಹಾಕಿದರು. ನಾನು ಕೂತೆ. ಮಗಳು ನನ್ನ ಕೈ ಬಿಡಿಸಿಕೊಂಡು, ಯಾರನ್ನೂ ಕೇಳದೆ, ಸೀದಾ ಒಳಗೆ ನಡೆದಳು. ಅವಳನ್ನು ಯಾರೂ ತಡೆಯಲಿಲ್ಲ. ಒಳಗಿನಿಂದ ದೇವಮ್ಮಕ್ಕನ ನಗು ಕೇಳಿಸಿತು. ನಾನು ಸೆರಗು ಸರಿಮಾಡಿಕೊಂಡು, ಕರೆಯುವವರೆಗೆ ಕಾಯುತ್ತಾ ಜಗಲಿಯಲ್ಲೇ ಕೂತಿದ್ದೆ.