ಮಲಕಪ್ಪನವರ ಸೈಲೆನ್ಸರ್ ಪರೀಕ್ಷೆ

ಸದಾಶಿವ ಪೇಠದ ಬಟ್ಟೆ ಅಂಗಡಿಯ ಗುಮಾಸ್ತ ಮಲಕಪ್ಪನವರಿಗೆ ಅರವತ್ತು ದಾಟಿದರೂ ಟೂ-ಸ್ಟ್ರೋಕ್ ಬೈಕಿನ ಹುಚ್ಚು ಬಿಟ್ಟಿಲ್ಲ. ಗಾಡಿ ಹಳೆಯದೊಂದೇ, ಅದಕ್ಕೆ ತೊಡಿಸಿ ಬಿಚ್ಚಿದ ಸೈಲೆನ್ಸರುಗಳು ಮಾತ್ರ ಮಂಚದಡಿ ಹಿಡಿಸದಷ್ಟು. ಕನ್ಯೆ ನೋಡಲು ಹೊರಟವರಂತೆ ಶಿಸ್ತಾಗಿ ಕ್ಯಾಂಪ್ ಪೇಟೆಯ ಬೈಕ್ ಸಾಮಾನಿನ ಅಂಗಡಿಗೆ ಹೋಗಿ, ಒಂದೊಂದು ಪೈಪನ್ನೂ ಬೆರಳಿನಿಂದ ಬಡಿದು, "ಇದು ಕೆಮ್ಮತದ, ಅದು ಗೊರಕಿ ಹೊಡೀತದ, ಗುಡುಗೂದು ಯಾವ್ದರೆ ಅದ ಏನು?" ಎಂದು ಕೇಳುತ್ತಾರೆ. "ಕಾಕಾ, ಕಂಪನೀದ ಚಲೋ ರೀ. ಇವು ಬರೇ ಪೆಟ್ರೋಲ್ ಕುಡೀತಾವ," ಎಂದು ಮೆಕ್ಯಾನಿಕ್ ಸಂಜು ಹೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಹೊಸದನ್ನು ಹಾಕಿಸಿಕೊಂಡು ಬಂದು, ಓಣಿಯ ತಿರುವಿನಲ್ಲಿ ಜೋರಾಗಿ ರೇಸ್ ಮಾಡಿ, ತಮ್ಮ ಬಾಲ್ಕನಿಯತ್ತ ನೋಡುತ್ತಾರೆ. ಮೊದಲೆಲ್ಲ ಆ ಸದ್ದು ಕೇಳಿಯೇ ಹೆಂಡತಿ ಶಿವಗಂಗವ್ವ ಹೊರಗೆ ಬಂದು ನೋಡಿ, ಒಳಗೆ ಹೋಗಿ ಹಂಚಿಗೆ ರೊಟ್ಟಿ ಹಾಕುತ್ತಿದ್ದಳು. ಈಗ ಅವಳ ಕಿವಿ ಮಂದವಾಗಿದೆ. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ಬೈಯುತ್ತಾರೆ, ಅವಳೊಬ್ಬಳು ಬರುವುದಿಲ್ಲ. ಆ ಪೈಪು ಮಂಚದಡಿ ಸೇರುತ್ತದೆ. ಹೋದ ತಿಂಗಳು ಒಂದು ಮಧ್ಯಾಹ್ನ ಬಟ್ಟೆ ಅಂಗಡಿ ಊಟಕ್ಕೆ ಮುಚ್ಚಿದ ಮೇಲೆ ಮತ್ತೊಂದನ್ನು ಹಾಕಿಸಿಕೊಂಡು ಬಂದರು. ಅದು ಪೇಠವೆಲ್ಲ ಮಲಗುವ ಹೊತ್ತು, ಸದ್ದು ಮಾಡಿದರೆ ಓಣಿಯೇ ಮೈಮೇಲೆ ಬೀಳುತ್ತದೆ. ಹಾಗಾಗಿ ತಿರುವಿಗೆ ಬರುವ ಮೊದಲೇ ಇಂಜಿನ್ ಬಂದ್ ಮಾಡಿ ಗಾಡಿ ತಳ್ಳಿಕೊಂಡು ಬಂದರು. ತಲೆಯೆತ್ತಿದರೆ ಶಿವಗಂಗವ್ವ ಬಾಲ್ಕನಿಯಲ್ಲಿ ನಿಂತು, ಹೊಳೆಯುವ ಹೊಸ ಪೈಪನ್ನೇ ನೋಡುತ್ತಿದ್ದಳು. "ಇದು ಭಾಳ ಚಲೋ ಕೇಳಿಸ್ತು ನೋಡ್ರಿ," ಎಂದಳು. ಮಲಕಪ್ಪನವರು ಗಾಡಿಗೆ ಸ್ಟ್ಯಾಂಡ್ ಹಾಕಿ, ಹೌದೆಂದು ತಲೆಯಾಡಿಸಿದರು. ಆಮೇಲೆ ಕ್ಯಾಂಪಿನ ಅಂಗಡಿಯ ಕಡೆ ಹೋಗಿಲ್ಲ.